ಸೀಲ್ ಪ್ಯಾಕ್ ಅಂತ ಕೊಟ್ಟ ಗೇಮ್, ಒಳಗಿನ ಕೋಡ್ ಮೊದಲೇ ಬಳಸಿದ್ದು: ಬೆಳಗಾವಿಯಾಗ ಯಾರಿಗಾರ ಹಿಂಗ ಆಗೇತೇನು?

ಟಿಳಕವಾಡಿ_ಪ್ಯಾಡ್ · ಮಂಗಳವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ. ಇಷ್ಟ ದಿನ ಇಲ್ಲಿ ಓದೋದಷ್ಟ ಮಾಡ್ತಿದ್ದೆ, ಇವತ್ತು ಬರಿಯೋ ಪ್ರಸಂಗ ಬಂತು.

ಹೋದ ರವಿವಾರ ಮಾರ್ಕೆಟ್‌ನಾಗ ಒಂದು ಅಂಗಡ್ಯಾಗ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಗೇಮ್ ತಗೊಂಡೆ. ಆನ್‌ಲೈನ್‌ನಾಗ ₹4,999 ಇತ್ತು, ಇವರು ₹4,200ಕ್ಕ ಕೊಟ್ರು. “ಸೀಲ್ ಪ್ಯಾಕ್ ಐತಿ ನೋಡ್ಕೋ ತಮ್ಮಾ” ಅಂತ ಮಾಲಕರೇ ತಿರುವಿ ತಿರುವಿ ತೋರಿಸಿದ್ರು. ಪ್ಲಾಸ್ಟಿಕ್ ಹಾಳಿ ಸುತ್ತಿತ್ತು, ಖರೆ. ಮನಿಗೆ ಬಂದು ಹರಿದೆ. ಡಬ್ಬಿ ತೆಗೆದ ಕೂಡಲೇ ಡಿಸ್ಕಿನ ಹೊಳಿಯೋ ಮಗ್ಗಲಿಗೆ ಅಂಚಿನ ಮ್ಯಾಲ ಒಂದು ಹೆಬ್ಬೆಟ್ಟಿನ ಗುರುತು. ಎಣ್ಣಿ ಕೈಲೆ ಹಿಡಿದಂಗ, ಗೆರಿ ಎಣಿಸಬಹುದು ಅಷ್ಟು ಸ್ಪಷ್ಟ. ಇರ್ಲಿ ಬಿಡು, ನಂದೇ ಇರಬೇಕು ಅನ್ಕೊಂಡೆ. ಆದ್ರ ನಾ ಇನ್ನೂ ಮುಟ್ಟಿರಲೇ ಇಲ್ಲ!

ಅದರ ಹಿಂದ ಬೋನಸ್ ಕೋಡಿನ ಚೀಟಿ ಇತ್ತು, 12 ಅಕ್ಷರದ್ದು, ಒಮ್ಮೆ ಮಾತ್ರ ನಡಿಯೋದು. ಆ ಚೀಟಿ ನಡುವ ಒಂದು ಮಡಿಕಿ. ಡಬ್ಬ್ಯಾಗ ಚಪ್ಪಟ ಕೂಡೋ ಚೀಟಿನ್ನ ಯಾರರ ಯಾಕ ಮಡಿಚ್ತಾರ? ಕಿಸೆದಾಗ ಇಟ್ಕೊಂಡಿರಬೇಕು. ಕೋಡ್ ಹಾಕಿದೆ, “ಈಗಾಗಲೇ ಬಳಸಲಾಗಿದೆ” ಅಂತ ಬಂತು.

ಗೇಮ್ ನಡೀತದ, ಅದರ ಬಗ್ಗೆ ತಕರಾರಿಲ್ಲ. ಆದ್ರ ಇದು ನನ್ನ ಮೊದಲನೇ ಪಗಾರದ ಗೇಮ್. ಅಂಗಡಿಗೆ ಹೋಗಿ ಕೇಳಬೇಕೋ, ಸುಮ್ಮನಾಗಬೇಕೋ?

---

ಖಡೇಬಜಾರ_ಕಾಕಾ · ಮಂಗಳವಾರ, ರಾತ್ರಿ 10:02

ತಮ್ಮಾ, ಜಗಳಕ್ಕ ಹೋಗೋಕಿಂತ ಮೊದಲ ಒಂದು ಮಾತು ಖಾತ್ರಿ ಮಾಡ್ಕೋ. ಡಿಸ್ಕ್ ಯಾವ ದೇಶದ್ದು? ಪಿಎಸ್4, ಪಿಎಸ್5 ಡಿಸ್ಕಿಗೆ ಪ್ರಾಂತದ ಬೀಗ ಇಲ್ಲ, ದುಬೈದ ಡಿಸ್ಕ್ ಇಲ್ಲಿ ಆರಾಮ್ ಓಡ್ತದ. ಆದ್ರ ಒಳಗಿನ ಕೋಡಿಗೆ ಬೀಗ ಐತಿ. ಅಕೌಂಟ್ ಯಾವ ದೇಶದ್ದೋ ಕೋಡ್‌ನೂ ಆ ದೇಶದ್ದೇ ಇರಬೇಕು. ಭಾಳ ಮಂದಿ ಇದನ್ನ ತಿಳೀದ “ಬಳಸಿದ ಕೋಡ್ ಕೊಟ್ರು” ಅಂತ ಅಂಗಡಿಯವನ ಮ್ಯಾಲ ಏರಿ ಹೋಗ್ತಾರ.

---

ಟಿಳಕವಾಡಿ_ಪ್ಯಾಡ್ · ಮಂಗಳವಾರ, ರಾತ್ರಿ 10:15

ಕಾಕಾ, ಅದನ್ನೂ ನೋಡಿದೆ. ಕೋಡ್ ತಪ್ಪೈತಿ ಅಂತ ಬಂದಿದ್ರ ನೀವು ಹೇಳಿದ್ದ ಆಗಿರಬಹುದಿತ್ತು. ಬಂದದ್ದು “ಈಗಾಗಲೇ ಬಳಸಲಾಗಿದೆ” ಅಂತ. ಸ್ಕ್ರೀನ್‌ಶಾಟ್ ಐತಿ.

---

ಖಡೇಬಜಾರ_ಕಾಕಾ · ಮಂಗಳವಾರ, ರಾತ್ರಿ 10:19

ಹಂಗಾದ್ರ ಯಾರೋ ನಿನಕಿಂತ ಮೊದಲ ಆಡ್ಯಾರ. ಮುಗೀತು.

---

ಗುಮ್ಮಟದ_ನೆರಳು · ಮಂಗಳವಾರ, ರಾತ್ರಿ 11:30

ವಿಜಯಪುರದಿಂದ ಬರೀಲಿಕತ್ತೀನಿ. ನಂಗ ಈ ಹುಡುಗರ ಕಷ್ಟ ತಿಳೀವಲ್ದು. ನಾವು ಗಾಂಧಿ ಚೌಕದ ಹಿಂದ ತಾಸಿಗೆ ಹತ್ತು ರೂಪಾಯಿ ಕೊಟ್ಟು ಪಿಎಸ್2 ಆಡಿದವರು. ಡಿಸ್ಕ್ ಮ್ಯಾಲ ಮಾರ್ಕರ್ ಪೆನ್ನಿಲೆ ಹೆಸರು ಬರೆದಿರತಿತ್ತು, ಕವರ್ ಝೆರಾಕ್ಸ್. ಸಿಕ್ಕೊಂಡ್ರ ಬನಿಯನ್ನಿಗೆ ಒರಸಿ ಮತ್ತ ಹಾಕೋದು. ಈಗ ಒಂದು ಹೆಬ್ಬೆಟ್ಟಿನ ಗುರುತಿಗೆ ಇಷ್ಟ ದೊಡ್ಡ ಚರ್ಚಾ? ಗೇಮ್ ನಡೀಲಿಕತ್ತದ, ₹800 ಕಡಿಮಿಗೆ ಸಿಕ್ಕದ. ಆಡು, ಮಲಕೋ.

---

ಟಿಳಕವಾಡಿ_ಪ್ಯಾಡ್ · ಬುಧವಾರ, ಬೆಳಿಗ್ಗೆ 8:05

ಅಣ್ಣಾ, ನೀವು ಹತ್ತು ರೂಪಾಯಿ ಕೊಟ್ಟಾಗ ನಿಮಗ ಯಾರೂ ಹೊಸಾದು ಅಂತ ಹೇಳಿರಲಿಲ್ಲಲ್ಲ?

---

ಇಳಕಲ್_ಕಂಟ್ರೋಲರ್ · ಬುಧವಾರ, ಬೆಳಿಗ್ಗೆ 9:20

ನಾ ಬಾಗಲಕೋಟಿ ಜಿಲ್ಲೆಯಾಂವ, ನಮ್ಮದು ಸೀರಿ ಮನಿತನ. ಹಂಗಾಗಿ ಸೀರಿ ಲೆಕ್ಕದಾಗ ಹೇಳ್ತೀನಿ.

ಅಂಗಡ್ಯಾಗ ಒಂದು ಇಳಕಲ್ ಸೀರಿ ಹತ್ತು ಮಂದಿ ಹೆಣ್ಮಕ್ಕಳು ಬಿಚ್ಚಿ, ಸೆರಗು ಹೆಗಲ ಮ್ಯಾಲ ಹಾಕ್ಕೊಂಡು, ಕನ್ನಡಿ ಮುಂದ ನಿಂತು, “ಬ್ಯಾಡ್ರಿ, ಬಣ್ಣ ಕಪ್ಪಾತು” ಅಂತ ಬಿಟ್ಟು ಹೋಗ್ತಾರ. ಹನ್ನೊಂದನೇಯಾಕಿಗೆ ನಾವು ಅದನ್ನ ಹೊಸಾ ಸೀರಿ ಅಂತಾನೇ ಮಾರ್ತೀವಿ. ಅದು ಸುಳ್ಳಲ್ಲ. ಆದ್ರ ಒಬ್ಬಾಕಿ ಮನಿಗೆ ಒಯ್ದು, ಮದುವಿಗೆ ಉಟ್ಟು, ಮರುದಿನ ಇಸ್ತ್ರಿ ಮಾಡಿ ತಂದು “ಮನ್ಯಾಗ ಪಸಂದ್ ಬರ್ಲಿಲ್ಲ” ಅಂದ್ರ? ಅದನ್ನ ಮತ್ತ ಮಡಿಚಿ ಡಬ್ಬ್ಯಾಗ ಇಟ್ರ ಹೊಸಾದಾಗಂಗಿಲ್ಲ. ನಮ್ಮವ್ವ ಮೂಗಿಲೆ ಹಿಡೀತಿದ್ಲು, ಅತ್ತರ ವಾಸನಿ ಬಂದ್ರ ಸಾಕು.

ಗೇಮ್ ಅಂಗಡಿಯವರು ಬರೇ ಡಬ್ಬಿ ತೆಗೆದು ಡಿಸ್ಕ್ ಬ್ಯಾರೆ ಇಟ್ಟಿದ್ರ ಅದು ಬಿಚ್ಚಿ ತೋರಿಸಿದ ಸೀರಿ. ನಿಂದು ಉಟ್ಟ ಸೀರಿ, ತಮ್ಮಾ.

---

ಟಿಳಕವಾಡಿ_ಪ್ಯಾಡ್ · ಬುಧವಾರ, ಬೆಳಿಗ್ಗೆ 9:31

ಸೀರಿ ಕಣ್ಣ ಮುಂದ ಬಿಚ್ಚತಾರ. ಬಿಚ್ಚಿದ್ದು ಎಲ್ಲಾರಿಗೂ ಗೊತ್ತಿರತದ. ಇಲ್ಲಿ ಬಿಚ್ಚಿ, ಮತ್ತ ಹಾಳಿ ಸುತ್ಯಾರ. ಹಾಳಿ ಸುತ್ತೋದು ಯಾತಕ್ಕ?

---

ಗಲ್ಲಾದ_ಮ್ಯಾಲ · ಬುಧವಾರ, ಮಧ್ಯಾಹ್ನ 2:45

ಗಿರಾಕಿ ಇಲ್ಲದ ಹೊತ್ತಿನ್ಯಾಗ ಬರೀತೀನಿ. ನಂದೂ ಸಣ್ಣ ಅಂಗಡಿ ಐತಿ, ಯಾವ ಊರು ಅಂತ ಕೇಳಬ್ಯಾಡ್ರಿ. ಮೊಬೈಲ್ ಕವರ್, ಚಾರ್ಜರ್, ಜೊತಿಗೆ ಗೇಮ್.

ಹಾಳಿ ಯಾಕ ಸುತ್ತತಾರ ಅಂತ ಕೇಳಿದ್ರಲ್ಲ. ಮಿಠಾಯಿ ಡಬ್ಬಿಗೆ ಸುತ್ತೋ ಶ್ರಿಂಕ್ ಹಾಳಿ ಇರತದ, ರೋಲ್‌ನಾಗ ಸಿಗತದ. ಕತ್ತರಿಸಿ ಸುತ್ತಿ, ಅಂಚು ಬಿಸಿ ತಂತಿಗೆ ಹಿಡಿದು, ಹೀಟ್ ಗನ್ ತೋರಿಸಿದ್ರ ಎರಡು ನಿಮಿಷದಾಗ ಬಿಗಿ ಆಗತದ. ಹೀಟ್ ಗನ್ ಎಲ್ಲಾ ಮೊಬೈಲ್ ರಿಪೇರಿ ಅಂಗಡ್ಯಾಗೂ ಇರತದ. ನನ್ನ ಹಂತ್ಯಾಕೂ ಐತಿ. ಮೊದಲ ಎರಡು ವರ್ಷ ನಾನೂ ಸುತ್ತೀನಿ, ಸುಳ್ಳು ಯಾಕ ಹೇಳ್ಲಿ.

ಕಾರಣ ಕೇಳ್ರಿ. ಒಂದೊಂದು ಗೇಮಿಂದು ನಮಗ ಬರೋದ ಒಂದು ಅಥವಾ ಎರಡು ಪೀಸ್. ಡಬ್ಬಿ ಮುಂದ ಇಟ್ರ ಕಳವು ಆಗತದ, ಅದಕ್ಕ ಡಿಸ್ಕ್ ತೆಗೆದು ಡ್ರಾದಾಗ ಇಟ್ಟು ಖಾಲಿ ಡಬ್ಬಿ ಶೋಕೇಸಿಗೆ ಹಚ್ತೀವಿ. ಕಡೀ ಪೀಸ್ ಮಾರೋ ಹೊತ್ತಿಗೆ ಅದ ಉಳಿದಿರತದ. ಡಿಸ್ಟ್ರಿಬ್ಯೂಟರ್ ತೆರೆದ ಪೀಸ್ ವಾಪಸ್ ತಗೊಳ್ಳೂದಿಲ್ಲ. ಇನ್ನ ಗಿರಾಕಿ ಬಗ್ಗೆ: ಶನಿವಾರ ಒಯ್ದು ಸೋಮವಾರ ಕಥಿ ಮುಗಿಸಿ “ಅಣ್ಣಾ ಓಡವಲ್ದು” ಅಂತ ತರೋವ್ರು ಎಷ್ಟ ಮಂದಿ! ಒಬ್ಬಾಂವ ಹೊಸಾ ಗೇಮಿನ ಡಬ್ಬ್ಯಾಗ ಹಳೇ ಕ್ರಿಕೆಟ್ ಡಿಸ್ಕ್ ಇಟ್ಟು ವಾಪಸ್ ಕೊಟ್ಟು ಹೋಗ್ಯಾನ. ನಾ ನೋಡದ ರೊಕ್ಕ ಕೊಟ್ಟೀನಿ.

ಮತ್ತ ಇನ್ನೊಂದು. ಕೆಲಸದ ಹುಡುಗರು ರಾತ್ರಿ ಡಿಸ್ಕ್ ಮನಿಗೆ ಒಯ್ದು ಮುಂಜಾನೆ ತರ್ತಾರ. ಮಾಲಕಗ ಗೊತ್ತ ಇರಂಗಿಲ್ಲ. ಕೋಡ್ ಹೋಗೋದು ಬಹುತೇಕ ಹಿಂಗ.

ಈಗ ನಾ “ಬಿಚ್ಚಿದ ಪೀಸ್” ಅಂತ ಸ್ಟಿಕ್ಕರ್ ಹಚ್ಚಿ ₹500–600 ಕಡಿಮಿ ಮಾಡಿ ಇಡ್ತೀನಿ. ಮೊದಲ ಹೋಗೋದು ಅವ. ನನಗೂ ಆಶ್ಚರ್ಯ.

---

ಹಿಡಕಲ್_ಲೋಡಿಂಗ್ · ಬುಧವಾರ, ಮಧ್ಯಾಹ್ನ 3:10

ನಮ್ಮೂರಾಗಷ್ಟ ಅನ್ಕೋಬ್ಯಾಡ್ರಿ. ಅಮೆರಿಕಾದಾಗ ಗೇಮ್‌ಸ್ಟಾಪ್ ಅಂತ ದೊಡ್ಡ ಸರಪಳಿ ಅಂಗಡಿ ಐತಲ್ಲ, ಅಲ್ಲೂ ಶೋಕೇಸಿಗೆ ಅಂತ ಹೊಸಾ ಗೇಮ್ ಬಿಚ್ಚಿ, ಡಿಸ್ಕ್ ಬ್ಯಾರೆ ಇಟ್ಟು, ಅದನ್ನ ಹೊಸಾ ರೇಟಿಗೇ ಮಾರೋ ಪದ್ಧತಿ ಇತ್ತು. 2011ರ ಆಗಸ್ಟ್‌ದಾಗ ಇನ್ನೂ ಮುಂದ ಹೋದ್ರು. ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ಅನ್ನೋ ಪಿಸಿ ಗೇಮಿನ ಡಬ್ಬ್ಯಾಗ ಆನ್‌ಲೈವ್ ಅನ್ನೋ ಬ್ಯಾರೆ ಕಂಪನಿಯ ಉಚಿತ ಕೂಪನ್ ಇತ್ತು. ತಮ್ಮ ಪೈಪೋಟಿ ಕಂಪನಿದು ಅಂತ ಕೆಲಸದವರಿಗೆ ಹೇಳಿ ಡಬ್ಬಿ ಬಿಚ್ಚಿಸಿ, ಕೂಪನ್ ತೆಗೆಸಿ, ಹೊಸಾದು ಅಂತ ಮಾರಿದ್ರು. ಸುದ್ದಿ ಹೊರಗ ಬಂದ ಮ್ಯಾಲ ಕ್ಷಮಾ ಕೇಳಿ, ತಗೊಂಡವರಿಗೆ 50 ಡಾಲರ್ ಗಿಫ್ಟ್ ಕಾರ್ಡ್ ಕೊಟ್ರು.

ಅಲ್ಲಿ ಸಿಟ್ಟು ಬಂದದ್ದು ಡಿಸ್ಕಿಗಲ್ಲ, ಕಾಗದದ ಚೀಟಿಗೆ. ಇಲ್ಲೂ ಅದ.

---

ಗುಮ್ಮಟದ_ನೆರಳು · ಬುಧವಾರ, ಸಂಜೆ 6:00

ಚೀಟಿ ಹಾಕೋ ಚಾಳಿ ಕಲಿಸಿದವರ ಕಂಪನಿಯವ್ರು. 2010ರಾಗ ಇಎ ಅನ್ನೋ ಗೇಮ್ ಕಂಪನಿಯವ್ರು “ಆನ್‌ಲೈನ್ ಪಾಸ್” ಅಂತ ತಂದ್ರು. ಹೊಸಾ ಡಬ್ಬ್ಯಾಗ ಒಂದ ಕೋಡ್, ಹಳೇದು ತಗೊಂಡಾಂವ ಆನ್‌ಲೈನ್ ಆಡಬೇಕಂದ್ರ ಮತ್ತ 10 ಡಾಲರ್ ಕಕ್ಕಬೇಕು. 2013ಕ್ಕ ಅವರ ಅದನ್ನ ಕೈಬಿಟ್ರು. ಅದ ವರ್ಷ ಜೂನ್‌ನಾಗ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್ ಒನ್ ಅನ್ನೋ ತಮ್ಮ ಗೇಮ್ ಮಷೀನ್‌ನಾಗ ಹಳೇ ಡಿಸ್ಕಿಗೆ ಕಟ್ಟು ಹಾಕ್ತೀವಿ ಅಂದ್ರು, ಮಂದಿ ಉಗುಳಿದ ಮ್ಯಾಲ ಜೂನ್ 19ಕ್ಕ ಮಾತು ವಾಪಸ್ ತಗೊಂಡ್ರು. ಹಳೇ ಡಿಸ್ಕ್ ಕಂಡ್ರ ಅವರಿಗೆ ಹೊಟ್ಟಿ ಉರಿ. ಹಂಗಾಗಿ ಅಂಗಡಿಯವ್ನ ಒಬ್ನ ಬೈಬ್ಯಾಡ್ರಿ ಅಂತೀನಿ.

---

ಇಬ್ಬರ_ಅವ್ವ · ಬುಧವಾರ, ರಾತ್ರಿ 9:15

ನನಗ ಈ ಗೇಮಿನ ಗಂಧ ಇಲ್ರಿ. ಮುಂದಿನ ವಾರ ಸಣ್ಣ ಮಗಂದು ಹುಟ್ಟುಹಬ್ಬ, ನಿಂಟೆಂಡೊ ಸ್ವಿಚ್ ಅನ್ನೋ ಆಟದ ಮಷೀನಿಗೆ ಗೇಮ್ ಬೇಕಂತ ಹಟ ಹಿಡಿದಾನ. ಅಂಗಡ್ಯಾಗ ನಿಂತು ಏನ್ ನೋಡಿ ತಗೋಬೇಕು ಅಂತ ತಿಳಿದವರು ಹೇಳ್ರಿ. ಟೊಮ್ಯಾಟೊ ಒತ್ತಿ ನೋಡಿದಂಗ ಇದನ್ನ ಒತ್ತಿ ನೋಡಾಕ ಬರಂಗಿಲ್ಲ.

---

ಹಿಡಕಲ್_ಲೋಡಿಂಗ್ · ಬುಧವಾರ, ರಾತ್ರಿ 9:22

ಅಕ್ಕಾರ, ಸ್ವಿಚ್ ಗೇಮ್ ಡಿಸ್ಕ್ ಅಲ್ಲ, ಸಣ್ಣ ಕಾರ್ಡ್. ನೆಕ್ಕಿ ನೋಡ್ರಿ 😄

---

ಖಡೇಬಜಾರ_ಕಾಕಾ · ಬುಧವಾರ, ರಾತ್ರಿ 9:58

ಅಕ್ಕಾರ, ಅವನ ಮಾತು ಕೇಳಬ್ಯಾಡ್ರಿ. ಆ ಕಾರ್ಡಿಗೆ ಡೆನಾಟೋನಿಯಂ ಬೆಂಜೋಯೇಟ್ ಅನ್ನೋ ಕಹಿ ಹಚ್ಚಿರ್ತಾರ, ಸಣ್ಣ ಹುಡುಗರು ನುಂಗಬಾರದು ಅಂತ. ಬೇವು ಅದರ ಮುಂದ ಬೆಲ್ಲ. ಹೊಸಾದೋ ಹಳೇದೋ ಅದರಿಂದ ತಿಳಿಯಂಗಿಲ್ಲ.

ಹಾಳಿ ನೋಡ್ರಿ ಮೊದಲ. ಕಾರ್ಖಾನಿದು ಬಿಸ್ಕೀಟ್ ಪುಡಿಕಿ ಮಡಿಚಿದಂಗ ಇರತದ, ಮ್ಯಾಲ ಕೆಳಗ ತ್ರಿಕೋನದ ಮಡಿಕಿ, ಅಂಟಿಸಿದ ಗೆರಿ ನೆಟ್ಟಗ. ಅಂಗಡ್ಯಾಗ ಹೀಟ್ ಗನ್‌ಲೆ ಮಾಡಿದ್ದು ಬ್ಯಾರೆ: ಅಂಚಿನಗುಂಟ ಕರಗಿದ ಗೆರಿ ಓಡಿರತದ, ಮೂಲ್ಯಾಗ ಪ್ಲಾಸ್ಟಿಕ್ ಗಂಟು ಕಟ್ಟಿರತದ, ಗಾಳಿ ಹೋಗಲಿಕ್ಕ ಸೂಜಿ ಚುಚ್ಚಿದಂತ ತೂತು ಇರತಾವ. ಇದೊಂದನ್ನ ನೋಡಿ ತೀರ್ಪು ಕೊಡಬ್ಯಾಡ್ರಿ, ಕಾರ್ಖಾನಿಂದ ಕಾರ್ಖಾನಿಗೆ ಫರಕು ಇರತದ.

ನಾ ಹೆಚ್ಚು ನಂಬೋದು ಸ್ಟಿಕ್ಕರಿಗೆ. ನಮ್ಮಲ್ಲಿ ಪ್ಯಾಕ್ ಮಾಡಿ ಮಾರೋ ಸಾಮಾನಿಗೆ 2011ರ ನಿಯಮ ಐತಿ. ತಯಾರಿಸಿದವರ ಇಲ್ಲಾ ಆಮದು ಮಾಡಿದವರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ವರ್ಷ, ದೂರು ಹೇಳೋ ನಂಬರ್ ಎಲ್ಲಾ ಮ್ಯಾಲ ಇರಬೇಕು. ಆ ಸ್ಟಿಕ್ಕರ್ ಹಾಳಿ ಮ್ಯಾಲ ಅಂಟಿಸಿದ್ದಿತ್ತಂದ್ರ, ಹಾಳಿ ಹರಿದ ದಿನ ಅದೂ ಹೋತು. ಎರಡನೇ ಸಲ ಹಾಳಿ ಸುತ್ತಿದಾಂವ ಅದನ್ನ ಎಲ್ಲಿಂದ ತರ್ತಾನ?

ಡಿಸ್ಕ್ ಇದ್ರ ಅಂಗಡ್ಯಾಗ ಬಿಚ್ಚಿ, ಟ್ಯೂಬ್‌ಲೈಟಿಗೆ ಓರೆ ಹಿಡೀರಿ. ಬೆರಳಿನ ಗುರುತು, ಸುತ್ತಲ ಹೋದ ಸಣ್ಣ ಗೀರು ಕಾಣತಾವ. ನಿಂಟೆಂಡೊ ಭಾರತದಾಗ ತಾನ ನೇರ ಮಾರಂಗಿಲ್ಲ, ಇಲ್ಲಿ ಸಿಗೋದೆಲ್ಲಾ ಹೊರಗಿಂದ ತಂದದ್ದು, ಹಂಗಾಗಿ ಸ್ವಿಚ್ ಕಾರ್ಡಿಗೆ ಇನ್ನೂ ಹುಷಾರು ಬೇಕು. ಒಂದೊಂದು ಕಾರ್ಡಿಗೂ ತಂದ ಆದ ಗುರುತು ಒಳಗ ಇರತದ. ಹಿಂದಿನಾಂವ ಅದರ ನಕಲು ತಗೊಂಡು ಹರಿಬಿಟ್ಟಿದ್ರ, ಖರೆ ಕಾರ್ಡ್ ಹಾಕಿದ ನಿಮ್ಮ ಹುಡುಗನ ಮಷೀನಿಗೆ ಕಂಪನಿಯವರು ನಿರ್ಬಂಧ ಹಾಕಬಹುದು. ಬಿಲ್ ಇಟ್ಕೋರಿ, ತೋರಿಸಾಕ ಬೇಕಾಗತದ.

ಡಬ್ಬ್ಯಾಗ ಬರೋ ಪಿಸಿ ಗೇಮ್ ಆಗಿದ್ರ ಮಾತ್ರ ಬಿಚ್ಚಿದ್ದು ಮುಟ್ಟಬ್ಯಾಡ್ರಿ. ಅಲ್ಲಿ ಕೋಡ ಗೇಮ್. ಒಮ್ಮೆ ಒಬ್ಬರ ಅಕೌಂಟಿಗೆ ಕೂತ್ರ ಉಳಿದದ್ದು ಪ್ಲಾಸ್ಟಿಕ್ ತಟ್ಟಿ.

---

ಟಿಳಕವಾಡಿ_ಪ್ಯಾಡ್ · ಬುಧವಾರ, ರಾತ್ರಿ 10:20

ಕಾಕಾ!! ನನ್ನ ಡಬ್ಬಿ ಮ್ಯಾಲ ಯಾವ ಸ್ಟಿಕ್ಕರೂ ಇಲ್ಲ. ಈಗ ಹೋಗಿ ಕಸದ ಬುಟ್ಟಿ ತಿರುವ್ಯಾಡಿ ಹರಿದ ಹಾಳಿ ತೆಗೆದೀನಿ (ಅವ್ವ “ಏನ್ ಹುಡುಕ್ತಿ, ಬಂಗಾರ ಬಿದ್ದೇತೇನು” ಅಂದ್ಲು). ಉಳ್ಳಾಗಡ್ಡಿ ಸಿಪ್ಪಿ ಕೆಳಗಿತ್ತು. ತೊಳದು ಬೆಳಕಿಗೆ ಹಿಡಿದೆ. ಎಂಆರ್‌ಪಿ ಇಲ್ಲ, ಹೆಸರಿಲ್ಲ. ನೀವು ಹೇಳಿದ ಸೂಜಿ ತೂತು ಅದಾವ, ಒಂದ ಮಗ್ಗಲಿಗೆ ನಾಲ್ಕು.

---

ಕರಿಕೋಟು · ಗುರುವಾರ, ಬೆಳಿಗ್ಗೆ 7:50

ನಾನು ವೃತ್ತಿಯಿಂದ ವಕೀಲ. ತೆರೆದದ್ದನ್ನು ಹೊಸದೆಂದು ಮಾರುವುದು ಬರೀ ಅಂಗಡಿಯ ಚಾಲಾಕಿತನವಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂದರೇನು ಅಂತ ಹೇಳಿದ್ದಾರೆ. ಹಳೆಯ, ಬಳಸಿದ, ದುರಸ್ತಿ ಮಾಡಿದ ಸರಕನ್ನು ಹೊಸದೆಂದು ಸುಳ್ಳು ಹೇಳುವುದು ಅದರಲ್ಲೇ ಇದೆ. ಬಿಲ್ ಕೊಡದಿರುವುದೂ ಅದೇ ಸೆಕ್ಷನ್ನಿನಲ್ಲಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದೂ ಅಷ್ಟೇ. “ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ” ಅಂತ ಗೋಡೆಗೆ ಬೋರ್ಡ್ ಹಾಕಿದರೆ ಈ ಕಲಮು ಅಳಿಸಿಹೋಗುವುದಿಲ್ಲ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯವಿದೆ. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆನ್‌ಲೈನ್‌ನಲ್ಲಿ ತೆಗೆದುಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಮುಂಬೈಗೋ ಬೆಂಗಳೂರಿಗೋ ಓಡಬೇಕಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಇಷ್ಟೆಲ್ಲ ಹೇಳಿ ಕಹಿ ಮಾತೂ ಹೇಳುತ್ತೇನೆ. “ಹೆಬ್ಬೆಟ್ಟು ನನ್ನದಲ್ಲ” ಅಂತ ನೀವು, “ಮನೆಗೆ ಒಯ್ದು ಕೋಡ್ ಬಳಸಿ ಬಂದಿದ್ದಾನೆ” ಅಂತ ಅವರು. ನೀವು ಬಿಚ್ಚುವಾಗ ವಿಡಿಯೊ ಮಾಡಿಲ್ಲ. ಆದರೆ ಸ್ಟಿಕ್ಕರ್ ಇಲ್ಲದಿರುವುದು ಬರಿಗಣ್ಣಿಗೆ ಕಾಣುತ್ತದೆ, ಅದಕ್ಕೆ ಅವರು ಬೇರೆ ಉತ್ತರ ಹುಡುಕಬೇಕಾಗುತ್ತದೆ. ಅದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ, ತಕ್ಕಡಿ ತಪಾಸಣೆ ಮಾಡುವವರೇ. ಹಾಳಿ ಎಸೆಯಬೇಡಿ. ಬಿಲ್ ಇದೆಯೇ?

---

ಟಿಳಕವಾಡಿ_ಪ್ಯಾಡ್ · ಗುರುವಾರ, ಬೆಳಿಗ್ಗೆ 8:12

ಕಚ್ಚಾ ಚೀಟಿ ಐತಿ ಸರ. “ಗೇಮ್ 1, 4200” ಅಂತ ಪೆನ್ನಿಲೆ ಬರೆದದ್ದು. ರೊಕ್ಕ ಫೋನ್‌ನಾಗ ಹಾಕೀನಿ, ಅದರ ದಾಖಲೆ ಐತಿ.

---

ಇಳಕಲ್_ಕಂಟ್ರೋಲರ್ · ಗುರುವಾರ, ಬೆಳಿಗ್ಗೆ 8:40

₹4,200ಕ್ಕ ಕೋರ್ಟ್ ಮೆಟ್ಟಲು ಹತ್ತಿದ್ರ ಎಷ್ಟ ದಿನದ ಪಗಾರ ಹೋಗತದ, ಅದನ್ನೂ ಲೆಕ್ಕ ಹಾಕ್ರಿ ವಕೀಲರ.

---

ಕರಿಕೋಟು · ಗುರುವಾರ, ಬೆಳಿಗ್ಗೆ 9:05

ಒಪ್ಪಿದೆ. ಸರಕಿನ ತಪಾಸಣೆ ಬೇಕಿಲ್ಲದ ದೂರನ್ನು ಎದುರುದಾರರಿಗೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ ಅಷ್ಟೇ! ಅದಕ್ಕೇ ಮೊದಲು ಅಂಗಡಿಗೆ ಹೋಗಿ. ಕೂಗಾಡಬೇಡಿ, ಹಾಳಿ ಮೇಜಿನ ಮೇಲೆ ಇಟ್ಟು ಸುಮ್ಮನೆ ನಿಲ್ಲಿ.

---

ವೇದಿಕೆ_ನಿರ್ವಾಹಕ · ಗುರುವಾರ, ಬೆಳಿಗ್ಗೆ 11:00

ಅಂಗಡಿ ಹೆಸರು ಊಹೆ ಮಾಡಿ ಬರೆದ ಮೂರು ಪೋಸ್ಟ್ ತೆಗೆದೀನಿ. ಒಂದರಾಗ ಒಬ್ಬರು ತಮ್ಮ ಭಾವನ ಅಂಗಡಿ ಹೆಸರ ಬರೆದಿದ್ರು. ಮನಿ ಜಗಳ ಇಲ್ಲಿ ತರಬ್ಯಾಡ್ರಿ.

---

ಟಿಳಕವಾಡಿ_ಪ್ಯಾಡ್ · ಶನಿವಾರ, ರಾತ್ರಿ 8:50

ಹೋಗಿ ಬಂದೆ. ಒಬ್ನ ಹೋಗಾಕ ಧೈರ್ಯ ಆಗ್ಲಿಲ್ಲ, ಸೋದರ ಮಾವನ್ನ ಕರಕೊಂಡು ಹೋದೆ.

ಮೊದಲ ಮಾಲಕರು “ನಮ್ಮಲ್ಲಿ ಹಂಗ ನಡಿಯಂಗಿಲ್ಲ” ಅಂದ್ರು. ಮಾವ ಮಾತಾಡ್ಲಿಲ್ಲ. ಹರಿದ ಹಾಳಿ ಗಲ್ಲಾದ ಮ್ಯಾಲ ಹರವಿ, ಬೆರಳಿಲೆ ತೂತು ಒಂದೊಂದ ತೋರಿಸಿದ, ಒಂದು, ಎರಡು, ಮೂರು, ನಾಲ್ಕು. ಆಮ್ಯಾಲ “ಇದರ ಮ್ಯಾಲಿನ ಎಂಆರ್‌ಪಿ ಎಲ್ಲೈತ್ರಿ?” ಅಂತ ಅಷ್ಟ ಕೇಳಿದ. ಹಾಳಿಗೆ ಇನ್ನೂ ಉಳ್ಳಾಗಡ್ಡಿ ವಾಸನಿ ಇತ್ತು, ನನಗ ನಾಚಿಕಿ ಆತು.

ಮಾಲಕರು ಒಳಗ ನೋಡಿ ಒಂದು ಹೆಸರು ಕೂಗಿದ್ರು. ಹದಿನೆಂಟು ವರ್ಷದ ಹುಡುಗ ಬಂದ, ಅವರ ಅಕ್ಕನ ಮಗ ಅಂತ. ಅಂವ ನನ್ನ ಕೈಯಾಗಿನ ಡಬ್ಬಿ ನೋಡಿದ, ಆಮ್ಯಾಲ ತನ್ನ ಚಪ್ಪಲಿ ನೋಡಿದ. ಅಲ್ಲಿಗೆ ಎಲ್ಲಾರಿಗೂ ತಿಳೀತು. ಮಾಲಕರ ಮಾರಿ ನೋಡಿದ್ರ ಅವರಿಗೆ ಕೋಡಿಂದು ಗೊತ್ತಿರಲಿಲ್ಲ ಅನಸ್ತು. ಹಾಳಿಂದು ಮಾತ್ರ ಗೊತ್ತಿತ್ತು.

ಪೂರಾ ರೊಕ್ಕ ವಾಪಸ್ ಕೊಡ್ತೀನಿ ಅಂದ್ರು. ಆದ್ರ ನಾ ಅರ್ಧ ಗೇಮ್ ಆಡಿಬಿಟ್ಟೀನಿ, ಈಗ ವಾಪಸ್ ಕೊಟ್ರ ನಾನೂ ಶನಿವಾರ ಒಯ್ದು ಸೋಮವಾರ ತರೋವರ ಸಾಲಿಗೆ ಸೇರ್ತೀನಿ. ₹1,200 ವಾಪಸ್ ತಗೊಂಡು ಗೇಮ್ ಇಟ್ಕೊಂಡೆ. ಪಕ್ಕಾ ಬಿಲ್ ಬರೆಸಿದೆ. ಅದರ ಮ್ಯಾಲ “ಓಪನ್ ಪೀಸ್” ಅಂತ ಅವರ ಕೈಲೆ ಬರೆದು ಸಹಿ ಮಾಡ್ಯಾರ. ಅದಕ್ಕ ಅಂಗಡಿ ಹೆಸರು ಹೇಳಂಗಿಲ್ಲ.

---

ಗಲ್ಲಾದ_ಮ್ಯಾಲ · ಶನಿವಾರ, ರಾತ್ರಿ 9:30

ಚಲೋ ಆತು. ನಾ ಇವತ್ತ ನನ್ನ ಹುಡುಗರ ಮುಂದ ಡ್ರಾದ ಕೀಲಿ ಹಾಕಿದೆ. ಒಬ್ಬಾಂವ “ಯಾಕಣ್ಣಾ” ಅಂದ. ಉಳಿದ ಇಬ್ಬರು ಕೇಳ್ಲಿಲ್ಲ.

---

ಗುಮ್ಮಟದ_ನೆರಳು · ಶನಿವಾರ, ರಾತ್ರಿ 11:10

ತಮ್ಮಾ, ₹3,000ಕ್ಕ ಬಿತ್ತಲ್ಲ ಕಡೀಕ. ಆಡಿ ಮುಗಿಸಿದ ಮ್ಯಾಲ ನಂಗ ಕೊಡ್ತಿಯೇನು? ₹1,500 ಕೊಡ್ತೀನಿ, ಮುಂದಿನ ವಾರ ಬೆಳಗಾವಿಗೆ ಬರೋದದ.

---

ಟಿಳಕವಾಡಿ_ಪ್ಯಾಡ್ · ಶನಿವಾರ, ರಾತ್ರಿ 11:14

₹1,800. ಹೆಬ್ಬೆಟ್ಟಿನ ಗುರುತು ಒರಸಿ ಕೊಡ್ಲೋ, ಹಂಗ ಇರ್ಲೋ?

---

ಗುಮ್ಮಟದ_ನೆರಳು · ಶನಿವಾರ, ರಾತ್ರಿ 11:16

ಹಂಗ ಇರ್ಲಿ. ಬನಿಯನ್ ನಾ ತರ್ತೀನಿ.